ಕಂಬಳಿದಿನ್ನೆಯ ಏಕೈಕ ನಿರಕ್ಷರಿ

ನನ್ನ ತಲೆಗೆ ಅಕ್ಷರ ಹತ್ತುವುದಿಲ್ಲ ಎಂಬ ಸಂಗತಿಯನ್ನು ಮೊಟ್ಟಮೊದಲು ಪ್ರಕಟಿಸಿದವರು ನಮ್ಮ ದೊಡ್ಡಪ್ಪ ಲಕ್ಷ್ಮೀನರಸಪ್ಪನವರು. ನಮ್ಮ ಮನೆತನದಲ್ಲಿ ಕುರಿಯ ಹಿಂದೆ ಹೋಗದೆ ಶಾಲೆಯ ಒಳಗೆ ಹೋದ ಮೊದಲ ಗಂಡಸು ಅವರೇ. ಬಸ್ ಕಂಡಕ್ಟರ್ ಆಗಿದ್ದವರು, ಆದ್ದರಿಂದ ಅವರ ಮಾತೂ ಟಿಕೆಟ್ಟಿನ ಹಾಗೆ: ಒಮ್ಮೆ ಹರಿದು ಕೊಟ್ಟರೆ ವಾಪಸಿಲ್ಲ. ನಾನು ಸಣ್ಣವಳಿದ್ದಾಗ ಒಂದು ಸಂಜೆ ಕೈಗೆ ಸ್ಲೇಟು ಕೊಟ್ಟು 'ಅ' ಬರೆಸಿದರು. ನಾನು ಬರೆದದ್ದಕ್ಕೆ ನಾಲ್ಕು ಕಾಲು ಮತ್ತು ಒಂದು ಬಾಲ ಇತ್ತು. ಅವರು ಸ್ಲೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮನೆಯವರೆಲ್ಲರ ಎದುರು ತೀರ್ಪು ಕೊಟ್ಟರು: "ಈ ಹುಡುಗಿ ತಲಿಗೆ ಅಕ್ಷರ ಹತ್ತಂಗಿಲ್ಲ. ಕುರಿ ಕಾಯಾಕ ಕಳಸ್ರಿ."

ಈ ತೀರ್ಪನ್ನು ವಿಜ್ಞಾನ ಎತ್ತಿಹಿಡಿಯುವುದಕ್ಕೆ ಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ವಿಜ್ಞಾನ ನಿಧಾನ, ಆದರೆ ಬಂದು ತಲುಪುತ್ತದೆ. ಅದು ತಲುಪಿದ ಬಗೆಯನ್ನು ಇಲ್ಲಿ ಕ್ರಮವಾಗಿ ತಿಳಿಸಲಾಗಿದೆ.

ನಾನು ಓದಲು ಕಲಿತದ್ದು, ದೊಡ್ಡವಳಾಗಿ ಕೂಲಿಗೆ ಹೋದ ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ. ಕಲಿಸಿದವರು ಲೈನ್ ಸೂಪರ್‌ವೈಸರ್ ನಾಗರತ್ನ. ಕಲಿಸುವ ಉದ್ದೇಶ ಆಕೆಗೆ ಕಿಂಚಿತ್ತೂ ಇರಲಿಲ್ಲ. ನನ್ನ ಮಿಷಿನ್ನಿನ ಎದುರಿನ ಗೋಡೆಯ ಮೇಲೆ ನಿಯಮಗಳ ದೊಡ್ಡ ಬೋರ್ಡು ಇತ್ತು. ನಾನು ನಿಯಮ ಮುರಿದಾಗಲೆಲ್ಲ ಆಕೆ ಉದ್ದದ ಸ್ಕೇಲು ತಂದು, ಆ ನಿಯಮದ ಒಂದೊಂದು ಪದಕ್ಕೂ ಬಡಿದು, ಬಿಡಿಸಿ ಬಿಡಿಸಿ ಓದಿ ಹೇಳುತ್ತಿದ್ದರು: "ಪಕ್ಕದವರೊಡನೆ, ಮಾತನಾಡ, ಕೂಡದು! ಕೇಳಿಸ್ತೇನೇ?" ನನಗೆ ಕೇಳಿಸುವುದರ ಜೊತೆಗೆ ಕಾಣಿಸತೊಡಗಿತು. ನಾನು ಜೀವನದಲ್ಲಿ ಓದಿದ ಮೊದಲ ಪದ 'ಕೂಡದು'. ಎರಡನೆಯದು 'ಶೌಚಾಲಯ'. ಮುರಿದಷ್ಟು ನಿಯಮ, ಕಲಿತಷ್ಟು ಸಾಲು. ಬೋರ್ಡಿನ ಕೊನೆಯ ಸಾಲೊಂದು ಉಳಿದುಕೊಂಡಿತ್ತು. ಅದು ಯಾವ ತಪ್ಪಿಗೆ ಸಂಬಂಧಿಸಿದ್ದೋ ತಿಳಿಯದೆ ಬಹಳ ಚಡಪಡಿಸಿದೆ. ಕಂಡಕಂಡ ತಪ್ಪನ್ನೆಲ್ಲ ಮಾಡಿ ನೋಡಿದೆ. ಕೊನೆಗೆ ಒಂದು ದಿನ ವಿದೇಶಕ್ಕೆ ಹೋಗಬೇಕಾದ ಷರಟನ್ನು ತೊಟ್ಟು ಊಟಕ್ಕೆ ಹೊರಟಾಗ ಸ್ಕೇಲು ಆ ಸಾಲಿಗೆ ಬಿತ್ತು: "ರಫ್ತಿನ ಉಡುಪನ್ನು ಧರಿಸಕೂಡದು." ಅರ್ಧ ದಿನದ ಕೂಲಿ ಹೋಯಿತು, 'ಧ' ಬಂತು.

ಅಂದಿನಿಂದ ನಾನು ಓದದೆ ಬಿಟ್ಟ ಬೋರ್ಡಿಲ್ಲ. ಓದುವುದೂ ಗಟ್ಟಿಯಾಗಿ, ಕೇಳುವವರಿಲ್ಲದ ಓದು ಓದಲ್ಲ ಎಂಬುದು ನನ್ನ ಸ್ವಂತ ಸಿದ್ಧಾಂತ. ಗುಮ್ಮಘಟ್ಟದ ಷೇರ್ ಆಟೋದಲ್ಲಿ ನಾನು ಹತ್ತಿದರೆ ಜನ ಆ ಕಡೆ ಸರಿದು ಕೂರುತ್ತಾರೆ. ರಾಯದುರ್ಗ ಮುಟ್ಟುವವರೆಗೆ ಸಿಮೆಂಟಿನ ಜಾಹೀರಾತು, ಮೂಲವ್ಯಾಧಿಯ ಜಾಹೀರಾತು, ಸತ್ತವರ ಫ್ಲೆಕ್ಸು, ಗೆದ್ದವರ ಫ್ಲೆಕ್ಸು ಎಲ್ಲವೂ ಅವರ ಕಿವಿಗೆ ಬೀಳುತ್ತವೆ. ಮೊದಲು ಕನ್ನಡ, ಆಮೇಲೆ ತೆಲುಗು ಕಲಿತೆ. ಹಳೆ ಪೇಪರಿನ ಅಂಗಡಿಯಿಂದ ತೂಕಕ್ಕೆ ಪುಸ್ತಕ ತಂದು ಓದಿದೆ. ತೆಲುಗು ರಾಜ್ಯದ ಗಡಿಯೊಳಗಿರುವ ನಮ್ಮ ಕನ್ನಡದ ಊರು ಕಂಬಳಿದಿನ್ನೆಗೆ ವಾಪಸು ಬಂದು, ರಾಯದುರ್ಗದಿಂದ ಕಟಿಂಗ್ ಆದ ಜೀನ್ಸ್ ತರಿಸಿ ಹೊಲಿದು ಕಳಿಸುವ ಯೂನಿಟ್ಟು ಹಾಕಿ, 'ಕದರಮ್ಮ ಜೀನ್ಸ್' ಎಂದು ನನ್ನ ಹೆಸರನ್ನೇ ಹಾಕಿ ನನ್ನ ಕೈಯಾರೆ ಬೋರ್ಡು ಬರೆದೆ. ಬಾಗಿಲಿಗಿಂತ ಬೋರ್ಡು ದೊಡ್ಡದು.

ಇಷ್ಟಾದರೂ ದೊಡ್ಡಪ್ಪನ ತೀರ್ಪು ಬದಲಾಗಲಿಲ್ಲ. ಅವರ ಎದುರು ಕೂತು ಪೇಪರು ಓದಿದೆ. "ಬಾಯಿಪಾಠ ಮಾಡ್ಕೊಂಡು ಬಂದಾಳ," ಅಂದರು. ದಪ್ಪನೆಯ ಕಾದಂಬರಿ ತಂದು, ಅವರು ಬೆರಳಿಟ್ಟ ಪುಟವನ್ನೇ ಓದಿದೆ. ಕೇಳಿ ಮುಗಿಸಿ, "ಇಷ್ಟು ಉದ್ದಂದು ಬಾಯಿಪಾಠ ಮಾಡ್ಯಾಳ ಅಂದ್ರ, ಬಲು ಹಟ ಐತಿ ಬಿಡು ಇಕಿಗೆ," ಎಂದು ಮೆಚ್ಚಿ ವೀಳ್ಯ ಹಾಕಿಕೊಂಡರು. ಅವರಿಗೆ ಆಗಲೇ ಕಣ್ಣಿಗೆ ಪೊರೆ ಬರುತ್ತಿತ್ತು. ಅವರು ಕಣ್ಣಾರೆ ನೋಡಿ ಒಪ್ಪುವಂಥ ಒಂದು ಪುರಾವೆ, ಅವರ ಕಣ್ಣು ಪೂರ್ತಿ ಹೋಗುವ ಮೊದಲು ನನಗೆ ಬೇಕಾಗಿತ್ತು. ಇದನ್ನು ಜನ ಹಟ ಎನ್ನುತ್ತಾರೆ. ನಾನು ಗುರಿ ಎನ್ನುತ್ತೇನೆ.

ಅಂಥ ಸಮಯದಲ್ಲಿ ಊರಿಗೆ ಮಿದುಳಿನ ಸಂಶೋಧನೆ ಬಂತು.

ಬಂದವನು ಭರತ್, ಮಡಕಶಿರದ ಹತ್ತಿರದ ಗುಡಿಬಂಡೆ ಕಡೆಯ ಹುಡುಗ. ಯಾವುದೋ ದೊಡ್ಡ ಊರಿನ ದೊಡ್ಡ ಸಂಸ್ಥೆಯಲ್ಲಿ ಜೀವವೈದ್ಯಕೀಯ ವಿಜ್ಞಾನ ಮತ್ತು ನರವಿಜ್ಞಾನದ ಡಾಕ್ಟರೇಟ್ ಅವಕಾಶ ಅವನಿಗೆ ಸಿಕ್ಕಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಕಾಲೇಜಿನಲ್ಲಿ ಇಂಗ್ಲಿಷು. ಆದ್ದರಿಂದ ಕನ್ನಡ ಮಾತಾಡಬಲ್ಲ, ಓದಲಾರ. ಅವನ ಸಂಶೋಧನೆಯ ಹೆಸರು 'ಒಣಬೇಸಾಯ ಪ್ರದೇಶದ ವಯಸ್ಕರ ಮಿದುಳಿನ ಮೇಲೆ ಅಕ್ಷರಜ್ಞಾನದ ಪರಿಣಾಮ'. ತಲೆಗೆ ತಂತಿಯ ಟೋಪಿ ಹಾಕಿ, ಪರದೆಯ ಮೇಲೆ ಅಕ್ಷರ ತೋರಿಸಿದರೆ, ಅಕ್ಷರ ಬಲ್ಲವರ ತಲೆಯ ಚಿತ್ರ ಕೆಂಪಗೆ ಬರುತ್ತದೆ, ಅರಿಯದವರದು ನೀಲಿಯಾಗಿ ತಣ್ಣಗಿರುತ್ತದೆ. ಕೇಂದ್ರ ತೆರೆದದ್ದು ಪಶು ಆಸ್ಪತ್ರೆಯಲ್ಲಿ. ಕುರಿಯ ಲಸಿಕೆ ಇಡುವ ಫ್ರಿಜ್ಜಿಗೆಂದು ಅಲ್ಲಿ ಇನ್ವರ್ಟರ್ ಇತ್ತು. ಕರೆಂಟು ಹೋಗದ ಕೋಣೆ ಊರಿಗೆಲ್ಲ ಅದೊಂದೇ. ಬೆಳಿಗ್ಗೆ ಕುರಿಗಳು, ಮಧ್ಯಾಹ್ನದ ಮೇಲೆ ಮಿದುಳು.

ನಾನು ಮೊದಲನೆಯ ದಿನವೇ ತಲೆಗೆ ಎಣ್ಣೆ ಹಾಕದೆ ಹೋಗಿ ನಿಂತೆ.

"ನನ್ನ ತಲಿ ತಗೊಳಪ್ಪ," ಅಂದೆ. "ಯಾರೂ ಕಲಿಸದೆ ಕಲ್ತ ತಲಿ. ಚಿತ್ರ ಮಾತ್ರ ನನ್ನ ಕೈಗೆ ಕೊಡಬೇಕು, ದೊಡ್ಡದಾಗಿ."

ಭರತನಿಗೆ ಸಂತೋಷವಾಯಿತು. "ಬನ್ನಿ ಅಕ್ಕ, ಕೂತ್ಕೊಳ್ಳಿ. ಎರಡನೇ ಗುಂಪು ನಿಮ್ದು, ದೊಡ್ಡೋರಾದ್ಮೇಲೆ ಅಕ್ಷರ ಕಲ್ತೋರು. ಸರ್ಟಿಫಿಕೇಟ್ ತಂದಿದೀರಾ?"

"ಎದರದು?"

"ಅಕ್ಷರ ಬತ್ತದೆ ಅಂತ. ನಾವೇ ಹೇಳ್ಕೊಂಡ್ರೆ ನಮ್ಮ ಸಂಸ್ಥೆಯ ನೀತಿ ಸಮಿತಿಯೋರು ಒಪ್ಪಲ್ಲ ಕಣಕ್ಕ. ಸರ್ಕಾರಿ ಕಾಗದ ಇರ್ಬೇಕು."

ಆ ಕಾಗದ ಊರಿನಲ್ಲಿ ಎಲ್ಲರ ಬಳಿಯೂ ಇತ್ತು. ಹಿಂದೆ ಅಕ್ಷರ ಅಭಿಯಾನ ನಡೆದ ವರ್ಷ, ಕಂಬಳಿದಿನ್ನೆ ಮಂಡಲವನ್ನು, ಅಂದರೆ ನಮ್ಮೂರನ್ನೂ ಸುತ್ತಲಿನ ಹಳ್ಳಿಗಳನ್ನೂ, ನೂರಕ್ಕೆ ನೂರು ಅಕ್ಷರಸ್ಥ ಮಂಡಲವೆಂದು ಘೋಷಿಸಿ, ಹೆಸರಿನ ಮೊದಲ ಅಕ್ಷರ ಗೀಚಿದವರಿಗೆಲ್ಲ ಪ್ರಮಾಣಪತ್ರವನ್ನೂ ಒಂದು ಸ್ಟೀಲ್ ಲೋಟವನ್ನೂ ಕೊಟ್ಟಿದ್ದರು. ನಮ್ಮ ಯೂನಿಟ್ಟಿನಲ್ಲಿ ಗುಂಡಿ ಹಾಕುವ ತಿಪ್ಪಕ್ಕನ ಬಳಿಯೂ ಇತ್ತು. ತಿಪ್ಪಕ್ಕನಿಗೆ 'ತಿ' ಬಿಟ್ಟರೆ ಬೇರೆ ಅಕ್ಷರದ ಪರಿಚಯವಿಲ್ಲ. 'ತಿ'ಯನ್ನೂ ಅವಳು ತನ್ನದೆಂದು ಗುರುತಿಸುತ್ತಾಳೆಯೇ ಹೊರತು ಬೇರೆಯವರ ಹೆಸರಿನಲ್ಲಿ ಬಂದರೆ ಒಪ್ಪುವುದಿಲ್ಲ. ಅವಳು ಪ್ರಮಾಣಪತ್ರ ತೋರಿಸಿ ಎರಡನೆಯ ಗುಂಪಿಗೆ ಸೇರಿ, ಟೋಪಿ ಹಾಕಿಸಿಕೊಂಡು, ಬಿಸ್ಕತ್ತಿನ ಪೊಟ್ಟಣದೊಡನೆ ಹೊರಗೆ ಬಂದಿದ್ದಳು. ನನ್ನ ಬಳಿ ಮಾತ್ರ ಆ ಕಾಗದವಿರಲಿಲ್ಲ. ಅಭಿಯಾನದ ವರ್ಷ ನಾನು ಬೆಂಗಳೂರಿನಲ್ಲಿ ನಿಯಮ ಮುರಿಯುತ್ತಿದ್ದೆ.

ನೆಟ್ಟಗೆ ಮಂಡಲ ಆಫೀಸಿಗೆ ಹೋದೆ. ಅಭಿಯಾನವನ್ನು ನಡೆಸಿದ ಓಬಯ್ಯನವರೇ ಈಗಲೂ ಅಲ್ಲಿ ಸೀನಿಯರ್ ಅಸಿಸ್ಟೆಂಟು. ಸಮಾಧಾನದ ಮನುಷ್ಯ. ಅವರು ಯಾರಿಗೂ ಇಲ್ಲ ಎಂದದ್ದನ್ನು ನಾನು ಕೇಳಿಲ್ಲ. ಆಗುವುದಿಲ್ಲ ಎಂದಷ್ಟೇ ಹೇಳುತ್ತಾರೆ.

"ನನಗೊಂದು ಅಕ್ಷರಸ್ಥರ ಸರ್ಟಿಫಿಕೇಟ್ ಕೊಡ್ರಿ," ಅಂದೆ.

"ಆಗಂಗಿಲ್ಲ್ರಿ ಕದರಮ್ಮ. ನಮ್ಮಲ್ಲಿ ಕಲಿಯೋರು ಮುಗದು ಹೋಗ್ಯಾರ."

"ನಾನು ಕಲ್ತೀನಲ್ರಿ?"

"ಅದೇ ತಪ್ಪಾತು ನೋಡ್ರಿ. ಈಗ ನಿಮಗೊಂದು ಕೊಟ್ಟೆ ಅನ್ಕೋರಿ. ನೂರಕ್ಕ ನೂರಾ ಒಂದು ಆಗ್ತೈತಿ. ಆಡಿಟ್ಟಿನೋರು ಕೇಳ್ತಾರ, ಹೆಚ್ಚಿಗೆ ಬಂದಿದ್ದು ಎಲ್ಲಿಂದ ಬಂತು ಅಂತ."

ಅವರ ಮೇಜಿನ ಮೇಲೆ ಆ ದಿನದ ಪೇಪರಿತ್ತು. ಎತ್ತಿಕೊಂಡು, ಹೊರಗೆ ಮರದಡಿ ಕೂತವರಿಗೂ ಕೇಳುವಂತೆ ಮೊದಲ ಪುಟ ಓದಿದೆ. ಓಬಯ್ಯನವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಬಂಗಾರದ ರೇಟು ಒಳಗಿನ ಪುಟದಾಗ ಇರ್ತೈತಿ, ಅದನ್ನೂ ಓದಿಬಿಡ್ರಿ, ಮಗಳ ಲಗ್ನ ಐತಿ," ಅಂದರು. ಓದಿದೆ. ಬೆಳ್ಳಿಯದನ್ನೂ ಓದಿದೆ.

"ಚೊಲೋ ಓದ್ತೀರಿ," ಎಂದು ಕಣ್ಣು ಬಿಟ್ಟರು. "ಆದ್ರ ನೀವು ಅಕ್ಷರಸ್ಥರಲ್ಲ."

ಆಮೇಲೆ ಅವರು ಹಳೆಯ ಪಟ್ಟಿ ತೆಗೆದು ವಿವರಿಸಿದರು. ಮಂಡಲದಲ್ಲಿ ಇರುವವರು ಎರಡೇ ಬಗೆ: ಅಕ್ಷರಸ್ಥರು ಮತ್ತು ವಲಸೆ ಹೋದವರು. ವಲಸೆ ಹೋದವರಲ್ಲಿ ಎಲ್ಲರೂ ಅಲ್ಲಲ್ಲೇ ನೆಲೆಯಾಗಿದ್ದಾರೆ ಅಥವಾ ತೀರಿಕೊಂಡಿದ್ದಾರೆ. ವಾಪಸು ಬಂದವಳು ನಾನೊಬ್ಬಳು. ಆದ್ದರಿಂದ ಮಂಡಲದಲ್ಲಿ ಅಕ್ಷರಸ್ಥಳಲ್ಲದೆ ಉಳಿದಿರುವ ಏಕೈಕ ವ್ಯಕ್ತಿ ನಾನು. "ಅದನ್ನ ಬೇಕಂದ್ರ ಈಗಲೇ ಬರಕೊಡ್ತೀನಿ," ಎಂದು, ನಾನು ಬೇಕು ಅನ್ನುವ ಮೊದಲೇ ಬರೆದು, ಸೀಲು ಒತ್ತಿ ಕೊಟ್ಟರು. ಸೀಲು ಸೊಟ್ಟಗಿತ್ತು. ಹೇಳಿದೆ. ನೆಟ್ಟಗೆ ಇನ್ನೊಂದು ಒತ್ತಿದರು.

ಆ ಕಾಗದವನ್ನು ಭರತನ ಮುಂದೆ ಎಸೆದು, ಮಂಡಲದ ಆಡಳಿತದ ಬಗ್ಗೆ ನನ್ನ ಅಭಿಪ್ರಾಯವನ್ನು ತಿಳಿಸಿದೆ. ಹುಡುಗ ಕಾಗದ ಹಿಡಿದು ನಿಂತೇ ಇದ್ದ. ಅವನ ಕಣ್ಣು ತುಂಬಿತ್ತು.

"ಅಕ್ಕ, ದೇವ್ರು ಬಂದಂಗೆ ಬಂದ್ರಿ ಕಣಕ್ಕ. ಮೂರನೇ ಗುಂಪು ನಿರಕ್ಷರರದ್ದು. ಎಂಟು ತಿಂಗ್ಳಿಂದ ಊರೂರು ಸುತ್ತಿದ್ರೂ ಒಬ್ರೂ ಸಿಕ್ಕಿಲ್ಲ. ಈ ವರ್ಷ ಮುಗಿಸ್ಲಿಲ್ಲ ಅಂದ್ರೆ ಫೆಲೋಶಿಪ್ ಹೋಯ್ತದೆ. ನಮ್ಮವ್ವ ಊರಾಗೆ ಈಗ್ಲೇ ಡಾಕ್ಟ್ರ ತಾಯಿ ಅಂತ ಹೇಳ್ಕೊಂಡವ್ಳೆ. ಒಬ್ಬಮ್ಮ ಮೊಣಕಾಲು ನೋವಿಗೆ ಮಾತ್ರೆ ಕೇಳಕ್ಕೂ ಬಂದಿದ್ಲಂತೆ."

"ನಾನು ನಿರಕ್ಷರಿ ಅಲ್ಲೋ ತಮ್ಮಾ!"

"ಗೊತ್ತಕ್ಕ. ಅದು ಕಾಗ್ದದಾಗೆ. ಮಿಷಿನ್ನು ಕಾಗ್ದ ನೋಡಲ್ಲ, ತಲೆ ನೋಡ್ತದೆ. ನಿಮ್ಮ ತಲೆಯಾಗೆ ಅಕ್ಷರ ಇದ್ರೆ ಚಿತ್ರ ಕೆಂಪಗೆ ಬಂದೇ ಬತ್ತದೆ. ಆ ಚಿತ್ರ ನಿಮ್ಗೆ. ಆಣೆ ಮಾಡ್ತೀನಿ."

ನಾನು ಯೋಚನೆ ಮಾಡಿದೆ. ಯೋಚನೆ ಮಾಡುವುದು ನನಗೆ ಒಗ್ಗದ ಕೆಲಸವಲ್ಲ, ಆದರೆ ಬೇಗ ಮುಗಿಸುವ ಅಭ್ಯಾಸ. ಮಿಷಿನ್ನು ನಿಜ ಹೇಳುತ್ತದೆ. ಕಾಗದ ಸುಳ್ಳು ಹೇಳುತ್ತದೆ. ಎರಡೂ ಎದುರೆದುರು ಬಂದರೆ ಮಿಷಿನ್ನು ಗೆಲ್ಲುತ್ತದೆ. ಜೀವಮಾನವೆಲ್ಲ ಮಿಷಿನ್ನಿನ ಜೊತೆ ಬದುಕಿದವಳು ಹೀಗಲ್ಲದೆ ಇನ್ನು ಹೇಗೆ ಯೋಚಿಸಲಿ? ಒಪ್ಪಿದೆ.

ಒಪ್ಪಿಗೆಗೂ ಒಂದು ವಿಧಾನವಿತ್ತು. ಒಪ್ಪಿಗೆ ಪತ್ರವನ್ನು ನಿರಕ್ಷರಿಯು ಸ್ವತಃ ಓದತಕ್ಕದ್ದಲ್ಲ. ಅಕ್ಷರಸ್ಥ ಸಾಕ್ಷಿಯೊಬ್ಬರು ಓದಿ ತಿಳಿಸತಕ್ಕದ್ದು. ಇದೆಲ್ಲವನ್ನೂ ಕ್ಯಾಮೆರಾದಲ್ಲಿ ಹಿಡಿಯತಕ್ಕದ್ದು. ಆ ಹೊತ್ತಿಗೆ ಸಿಕ್ಕ ಪ್ರಮಾಣಿತ ಅಕ್ಷರಸ್ಥೆ, ಹೊರಗೆ ಬಿಸ್ಕತ್ತಿನ ಎರಡನೆಯ ಪೊಟ್ಟಣಕ್ಕಾಗಿ ಕಾಯುತ್ತಿದ್ದ ತಿಪ್ಪಕ್ಕನೊಬ್ಬಳೇ.

ತಿಪ್ಪಕ್ಕ ಪತ್ರವನ್ನು ಗಂಭೀರವಾಗಿ ಎರಡೂ ಕೈಯಲ್ಲಿ ಹಿಡಿದಳು. ನಾನು ಅವಳ ಕಿವಿಯಲ್ಲಿ ಒಂದು ಸಾಲು ಓದುವುದು, ಅವಳು ಅದನ್ನು ಕ್ಯಾಮೆರಾದತ್ತ ತಿರುಗಿ ನನಗೆ ಓದಿ ಹೇಳುವುದು, ನಾನು ತಲೆಯಾಡಿಸುವುದು.

"'ಈ ಪತ್ರವನ್ನು ಓದಲು ನನಗೆ ಬರುವುದಿಲ್ಲ'," ಎಂದು ನಾನು ಪಿಸುಗುಟ್ಟಿದೆ.

"ಈ ಪತ್ರ ಓದಾಕ ನಿನಗ ಬರಂಗಿಲ್ಲಂತ," ಎಂದು ತಿಪ್ಪಕ್ಕ ನನಗೆ ದೊಡ್ಡ ದನಿಯಲ್ಲಿ ತಿಳಿಸಿದಳು. ಆಮೇಲೆ ತನ್ನ ಕಡೆಯಿಂದ ಒಂದು ಮಾತು ಸೇರಿಸಿದಳು: "ಚಿಂತಿ ಮಾಡಬ್ಯಾಡ ಕದರಕ್ಕ, ನಾ ಓದಿ ಹೇಳ್ತೀನಲ್ಲ."

ಪತ್ರದ ಕನ್ನಡದಲ್ಲಿ ಮೂರು ತಪ್ಪಿದ್ದವು. ತಿದ್ದಿಕೊಟ್ಟು ಹೆಬ್ಬೆಟ್ಟು ಒತ್ತಿದೆ. ತಿಪ್ಪಕ್ಕ ಸಾಕ್ಷಿಯ ಜಾಗದಲ್ಲಿ 'ತಿ' ಎಂದು ಸಹಿ ಹಾಕಿ, ಚುಕ್ಕೆ ಇಟ್ಟು, ಪೆನ್ನಿಗೆ ಕ್ಯಾಪು ಹಾಕಿ ಕೊಟ್ಟಳು. ಅಕ್ಷರಸ್ಥರು ಹೀಗೇ ಮಾಡುತ್ತಾರೆಂದು ಆಕೆ ಎಲ್ಲೋ ನೋಡಿದ್ದಳು.

ತಂತಿಯ ಟೋಪಿಯ ಗದ್ದದ ಪಟ್ಟಿ ಹರಿದಿತ್ತು. ಯೂನಿಟ್ಟಿಗೆ ಒಯ್ದು ಜೀನ್ಸ್ ದಾರದಲ್ಲಿ ಎರಡು ಹೊಲಿಗೆ ಹಾಕಿಸಿ ತಂದೆ. ಹಾಕಿಕೊಂಡು ಕೂತೆ. ಪರದೆಯ ಮೇಲೆ ಮೊದಲು ಬಂದ ಪದ 'ಕುರಿ'. ನನ್ನ ತಲೆಯೊಳಗೆ ಏನೇನೋ ಎದ್ದು ಓಡಾಡಿದ್ದು ನನಗೇ ಗೊತ್ತಾಯಿತು. ಪದಗಳು ಬರುತ್ತಲೇ ಇದ್ದವು. ಗಟ್ಟಿಯಾಗಿ ಓದಬಾರದೆಂದು ಭರತ್ ಎರಡು ಸಲ ಎಚ್ಚರಿಸಿ, ಮೂರನೆಯ ಸಲಕ್ಕೆ ಬಾಯಿಗೆ ಅಡಿಕೆ ಕೊಟ್ಟ.

ಚಿತ್ರ ಬಂತು. ಕುಂಕುಮದ ಅಂಗಡಿ ಚೆಲ್ಲಿದ ಹಾಗೆ ಕೆಂಪು. ಪಕ್ಕದಲ್ಲಿ ತಿಪ್ಪಕ್ಕನ ಚಿತ್ರವಿತ್ತು: ಕೆರೆಯ ಹಾಗೆ ನೀಲಿ, ಒಂದು ಮೂಲೆಯಲ್ಲಿ ಮಾತ್ರ ಸಾಸಿವೆಯಷ್ಟು ಕೆಂಪು. ಅದು 'ತಿ' ಬಂದಾಗಿನದಂತೆ.

"ಗೆದ್ದೆ!" ಎಂದು ನಾನು ಕುರಿಗಳೆಲ್ಲ ಬೆದರುವಂತೆ ಕೂಗಿದೆ.

ಚಿತ್ರಗಳು ಸಂಸ್ಥೆಗೆ ಹೋದವು. ಅಲ್ಲಿ ಭರತನ ಗೈಡು ಪ್ರೊಫೆಸರ್ ಶಾಂತಕುಮಾರಿ ಮೇಡಂ. ಅವರು ಕಂಬಳಿದಿನ್ನೆಗೆ ಬಂದವರಲ್ಲ. ಒಣಬೇಸಾಯ ಪ್ರದೇಶದ ಬಗ್ಗೆ ಅವರ ಪರಿಣತಿಯೆಲ್ಲ ಫೋನಿನಲ್ಲೇ ನಡೆಯುತ್ತಿತ್ತು. ಸ್ಪೀಕರ್ ಹಾಕಿ ಭರತ್ ಹೇಳಿದ: "ಮೇಡಂ, ಗುಂಪು ಅದಲುಬದಲಾದಂಗೈತೆ ಅನ್ಸುತ್ತೆ."

ಮೇಡಂ ತಾಳ್ಮೆಯಿಂದ ಉತ್ತರಿಸಿದರು. "ಭರತ್, ಗುಂಪು ಸರ್ಕಾರಿ ದಾಖಲೆ. ಚಿತ್ರ ವಿಜ್ಞಾನ. ಎರಡರಲ್ಲಿ ಯಾವುದೂ ತಪ್ಪಾಗುವಂತಿಲ್ಲ. ಎರಡೂ ಸರಿಯಾಗಿದ್ದರೆ ಅದನ್ನು ಏನನ್ನುತ್ತಾರೆ?"

"ಏನಂತಾರೆ ಮೇಡಂ?"

"ಆವಿಷ್ಕಾರ."

ನಿರಕ್ಷರರ ಮಿದುಳು ಅಕ್ಷರವನ್ನು ಕಂಡರೆ ಸಾಕು, ಅತ್ಯಂತ ತೀವ್ರವಾಗಿ ಉದ್ರೇಕಗೊಳ್ಳುತ್ತದೆ. ಅಕ್ಷರಸ್ಥರ ಮಿದುಳಿಗಾದರೋ ಓದು ಅದೆಷ್ಟು ಸಲೀಸಾಗಿರುತ್ತದೆಂದರೆ, ಅದು ಓದುವಾಗ ನಿದ್ರಿಸುತ್ತದೆ. ಇದು ಜಗತ್ತಿಗೆ ಹೊಸದು ಎಂದರು ಮೇಡಂ. ತೊಂದರೆ ಒಂದೇ: ನಿರಕ್ಷರರ ಗುಂಪಿನಲ್ಲಿ ಒಬ್ಬಳೇ ಇದ್ದರೆ ಆಗುವುದಿಲ್ಲ, ಕನಿಷ್ಠ ಹನ್ನೆರಡು ಮಂದಿ ಬೇಕು.

ಇಲ್ಲಿ ನಾನು ಬಾಯಿ ಹಾಕಿದೆ. ಹಾಕಬಾರದಿತ್ತು, ಆದರೆ ಪಕ್ಕದವರೊಡನೆ ಮಾತನಾಡಕೂಡದು ಎಂಬ ನಿಯಮವನ್ನು ನಾನು ಓದಲು ಕಲಿತೆನೇ ಹೊರತು ಪಾಲಿಸಲು ಕಲಿತವಳಲ್ಲ. "ನಮ್ಮ ಕಸುಬಿನಾಗ ಸ್ಯಾಂಪಲ್ ಪೀಸು ಅಂತ ಒಂದಿರ್ತೈತ್ರಿ ಮೇಡಂ," ಅಂದೆ ಫೋನಿಗೆ. "ಒಂದು ಪ್ಯಾಂಟು ಹೊಲಿದು ತೋರಿಸೋದು, ಅದು ಪಾಸಾದ್ರ ಇಡೀ ಲಾಟು ಪಾಸು. ಎಲ್ಲಾ ಬಿಚ್ಚಿ ಯಾರು ನೋಡ್ತಾರ?"

ಆ ಕಡೆ ಪೆನ್ನಿನ ಕ್ಯಾಪು ತೆಗೆದ ಸದ್ದು. ಆಮೇಲೆ ಮೇಡಂ, "ಈ ಪದ್ಧತಿಗೆ ನಿಮ್ಮ ಕಡೆ ಏನಂತ ಹೆಸರು?" ಎಂದು ಕೇಳಿ ಬರೆದುಕೊಂಡರು.

ಪೀಸು ಒಂದೇ ಆದರೂ ಲಾಟಿಗೆ ಹನ್ನೆರಡು ನಂಬರು ಬೇಕಲ್ಲ, ಹೀಗಾಗಿ ನಾನು ಬೇರೆ ಬೇರೆ ದಿನ ಬೇರೆ ಬೇರೆ ಸೀರೆಯುಟ್ಟು ಹೋಗಿ ಹನ್ನೆರಡು ಮಂದಿಯಾದೆ. ಪ್ರತಿ ಸಲಕ್ಕೂ ಹೊಸ ನಂಬರು, ಹೊಸ ಹೆಬ್ಬೆಟ್ಟು, ಹೊಸದಾಗಿ ತಿಪ್ಪಕ್ಕನ ಓದು. ನಾನು ಇದಕ್ಕೆ ಒಪ್ಪಿದ್ದು ಯಾಕೆಂದು ಕೇಳಿದರೆ ನಾಚಿಕೆಯಾಗುತ್ತದೆ: ಒಂದು ಕೆಂಪು ಚಿತ್ರಕ್ಕೆ ದೊಡ್ಡಪ್ಪ ಒಪ್ಪದಿದ್ದರೆ ಹನ್ನೆರಡಕ್ಕಾದರೂ ಒಪ್ಪಿಯಾರು ಎಂಬ ಆಸೆ. ನಮ್ಮ ಗುಂಪಿನ ಫಲಿತಾಂಶ ನೋಡಿ ಮೇಡಂ ಬೆರಗಾದರಂತೆ. ಇಷ್ಟು ಒಂದೇ ತೆರನಾದ ಗುಂಪು ಯಾವ ದೇಶದ ಸಂಶೋಧನೆಯಲ್ಲೂ ಸಿಕ್ಕಿಲ್ಲವಂತೆ; ಒಣ ಹವೆ ಮತ್ತು ರಾಗಿ ಕಾರಣವಿರಬಹುದೆಂದು ಅಡಿಟಿಪ್ಪಣಿ ಹಾಕಿದರು.

ಪ್ರಬಂಧ ಸಿದ್ಧವಾಯಿತು. ಅದರ ಸಾರಾಂಶವನ್ನು ಭಾಗವಹಿಸಿದವರ ಭಾಷೆಯಲ್ಲೇ ಕೊಡಬೇಕೆಂಬುದು ಇನ್ನೊಂದು ನಿಯಮ. ಸಂಸ್ಥೆಯಲ್ಲಿ ಕನ್ನಡ ಬರೆಯುವವರಿಲ್ಲ, ಭರತನಿಗೆ ಓದಲೂ ಬಾರದು. ಅವನು ತೆಲುಗಿನಲ್ಲಿ ಹೇಳುತ್ತಾ ಹೋದ, ನಾನು ಯೂನಿಟ್ಟಿನ ಕಟಿಂಗ್ ಮೇಜಿನ ಮೇಲೆ ಕೂತು ಕನ್ನಡದಲ್ಲಿ ಬರೆಯುತ್ತಾ ಹೋದೆ.

"'ಕದರಮ್ಮ ಮುಂತಾದ ಹನ್ನೆರಡು ಮಂದಿಗೆ ಅಕ್ಷರವನ್ನು ಗುರುತಿಸುವ ಶಕ್ತಿ ಇರುವುದಿಲ್ಲ.' ಬರೆದ್ರಾ ಅಕ್ಕ?"

"ಬರದೆ. 'ಇರುವುದಿಲ್ಲ' ಬ್ಯಾಡ, 'ಇಲ್ಲವೆಂದು ದೃಢಪಟ್ಟಿದೆ' ಅಂತ ಹಾಕಿದ್ರ ತೂಕ ಬರ್ತೈತಿ."

"ಹಂಗೇ ಹಾಕಿ." ಅವನು ತಲೆ ತಗ್ಗಿಸಿದ. "ಅಕ್ಕ, ಇದು ಸುಳ್ಳು ಅಂತ ನಂಗೆ ಗೊತ್ತು ಕಣಕ್ಕ. ಮಿಷಿನ್ನು ಕಾಗ್ದ ನೋಡಲ್ಲ ಅಂತ ನಾನೇ ಆಣೆ ಮಾಡಿದ್ದೆ."

"ಮಿಷಿನ್ನು ಗೆದ್ದೈತಪ್ಪ," ಅಂದೆ. "ಸೋತಿದ್ದು ನಾನು. ಮುಂದಿನ ಸಾಲು ಹೇಳು, ನಿಮ್ಮವ್ವ ಕಾಯ್ತಿರ್ತಾಳ."

ಆ ಸಾರಾಂಶದ ಭಾಷೆ ಸರಳವೂ ಸ್ಪಷ್ಟವೂ ಆಗಿದೆಯೆಂದು ಸಮಿತಿ ಪ್ರಶಂಸಿಸಿತು. ಭರತ್ ಡಾಕ್ಟರ್ ಭರತ್ ಆದ. ಅವನವ್ವ ಮೊಣಕಾಲು ನೋವಿಗೆ ಸಲಹೆ ಕೊಡುವುದನ್ನು ಮುಂದುವರಿಸಿದ್ದಾಳೆ.

ಆವಿಷ್ಕಾರದ ಸುದ್ದಿ ಹಬ್ಬಿ ಕಂಬಳಿದಿನ್ನೆಗೆ ಇನ್ನೂ ಹಲವು ಡಾಕ್ಟರೇಟ್ ಅವಕಾಶಗಳು ಮಂಜೂರಾದವು. ಅವಕಾಶಗಳು ಬಂದವು, ಸಂಶೋಧಕರು ಬಂದರು, ನಿರಕ್ಷರರದ್ದೇ ಕೊರತೆ. ಓಬಯ್ಯನವರ ಕಾಲದಲ್ಲಿ ಊರು ಹಿಂದೆ ಬೀಳುವ ಪ್ರಶ್ನೆಯೇ ಇಲ್ಲ. ಕೆಳಗಿನ ಪ್ರಕಟಣೆಯನ್ನು ತೆಲುಗಿನಲ್ಲೂ ಕನ್ನಡ ಜನರ ಅನುಕೂಲಕ್ಕಾಗಿ ಕನ್ನಡದಲ್ಲೂ ಗೋಡೆಗೋಡೆಗೆ ಅಂಟಿಸಿದರು:

"ಮಂಡಲದ ಸಮಸ್ತ ಅಕ್ಷರಸ್ಥರಿಗೆ ತಿಳಿಯಪಡಿಸುವುದೇನೆಂದರೆ, ವಿಜ್ಞಾನದ ಹಿತದೃಷ್ಟಿಯಿಂದ ನಿರಕ್ಷರರಾಗಲು ಇಚ್ಛಿಸುವವರು ಸ್ವಂತ ಕೈಬರಹದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಹಿಂದೆ ಪಡೆದ ಪ್ರಮಾಣಪತ್ರ ಮತ್ತು ಸ್ಟೀಲ್ ಲೋಟವನ್ನು ಹಿಂದಿರುಗಿಸಿ ರಶೀದಿ ಪಡೆಯತಕ್ಕದ್ದು. ರಶೀದಿಯನ್ನು ಓದಿದವರ ಅರ್ಜಿ ತಿರಸ್ಕೃತವಾಗುವುದು. ಶಾಲಾ ಶಿಕ್ಷಕರು ಮೇಲಧಿಕಾರಿಗಳ ಮೂಲಕ ಅರ್ಜಿ ಹಾಕತಕ್ಕದ್ದು. ಲೋಟ ಕಳೆದುಕೊಂಡವರು ಅಕ್ಷರಸ್ಥರಾಗಿಯೇ ಮುಂದುವರಿಯತಕ್ಕದ್ದು."

ಸರದಿ ಮಂಡಲ ಆಫೀಸಿನಿಂದ ಪಶು ಆಸ್ಪತ್ರೆಯವರೆಗೆ ಬೆಳೆಯಿತು. ಇಬ್ಬರು ಮೇಷ್ಟ್ರುಗಳು ರಶೀದಿಯನ್ನು ಅಪ್ಪಿತಪ್ಪಿ ಓದಿ ಅನರ್ಹರಾದರು. ತಿಪ್ಪಕ್ಕ ಮಾತ್ರ ಪ್ರಮಾಣಪತ್ರ ಬಿಟ್ಟುಕೊಡಲು ಒಪ್ಪಲಿಲ್ಲ. "ನಾ ಯಾಕ ಕೊಡ್ಲಿ? ಓದುವಾಗ ನನ್ನ ತಲಿ ಎಷ್ಟು ತಣ್ಣಗ ಇರ್ತೈತಿ ಅಂತ ಡಾಕ್ಟರೇ ಬರದಾರ," ಅಂದಳು.

ಹೊಸ ನಿರಕ್ಷರರಿಗೆ ತರಬೇತಿ ಬೇಕಲ್ಲ? ಅಧಿಕೃತ ಅನುಭವ ಇದ್ದವಳು ನಾನೊಬ್ಬಳೇ. ವಾರಕ್ಕೆ ಮೂರು ಸಂಜೆ ನಿರಕ್ಷರತಾ ಕೇಂದ್ರದಲ್ಲಿ ಪಾಠ ಮಾಡುತ್ತೇನೆ. ಪಠ್ಯಪುಸ್ತಕವನ್ನೂ ನಾನೇ ಬರೆದಿದ್ದೇನೆ, ಅದರ ಎಲ್ಲ ಪುಟಗಳೂ ಖಾಲಿ, ಎರಡನೆಯ ಮುದ್ರಣಕ್ಕೆ ಹೋಗಿದೆ. ಮರೆತದ್ದು ಮತ್ತೆ ತಲೆಗೆ ಏರದಂತೆ ಊರಿನಿಂದ ರಾಯದುರ್ಗದವರೆಗಿನ ಬೋರ್ಡುಗಳಿಗೆಲ್ಲ ಮುಸುಕು ಹಾಕಬೇಕೆಂದು ಸಂಶೋಧಕರು ಸೂಚಿಸಿದರು. ಜೀನ್ಸ್ ಬಟ್ಟೆಯ ಮುಸುಕು ಹೊಲಿಯುವ ಆರ್ಡರ್ ನಮ್ಮ ಯೂನಿಟ್ಟಿಗೇ ಬಂತು. ಮಾದರಿಗೆಂದು ಮೊದಲ ಮುಸುಕನ್ನು 'ಕದರಮ್ಮ ಜೀನ್ಸ್' ಬೋರ್ಡಿಗೆ ಹಾಕಿದೆ. ಸ್ಯಾಂಪಲ್ ಪೀಸು ಪಾಸಾಯಿತು. ಬಸ್ಸುಗಳ ಬೋರ್ಡಿಗೂ ಮುಸುಕು ಬಿದ್ದಮೇಲೆ ಬೆಳುಗುಪ್ಪಕ್ಕೆ ಹೋಗಬೇಕಾದವರು ಕೆಲವರು ಮಡಕಶಿರದಲ್ಲಿ ಇಳಿದು, ಇಷ್ಟು ದೂರ ಬಂದ ಮೇಲೆ ಹೇಗೆ ಬಿಡುವುದೆಂದು ಅಲ್ಲಿಯ ನೆಂಟರನ್ನು ಮಾತಾಡಿಸಿಕೊಂಡು ಬಂದರು. ಯಾರೂ ದೂರು ಕೊಟ್ಟಿಲ್ಲ. ದೂರಿನ ಪೆಟ್ಟಿಗೆಯ ಮೇಲಿನ ಬರಹಕ್ಕೂ ಮುಸುಕಿದೆ.

ಕೆಂಪು ಚಿತ್ರವೂ ಪ್ರಬಂಧದ ಪ್ರತಿಯೂ ನನ್ನ ಕೈಗೆ ಬಂದ ದಿನ ದೊಡ್ಡಪ್ಪನ ಮನೆಗೆ ಹೋದೆ. ಹನ್ನೆರಡು ಮಂದಿಯಾಗುವ ಗಡಿಬಿಡಿಯಲ್ಲಿ ಆ ಕಡೆ ಹೋಗಿ ತಿಂಗಳುಗಳಾಗಿದ್ದವು. ಅವರು ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಚಿತ್ರಕ್ಕೆ ಚೌಕಟ್ಟು ಹಾಕಿಸಿದ್ದೆ. ಅವರ ಮೊಣಕಾಲ ಮೇಲಿಟ್ಟೆ.

"ಏನವ್ವ ಇದು?" ಎಂದು ಗಾಜನ್ನು ಬೆರಳಿನಿಂದ ಸವರಿದರು.

"ನನ್ನ ತಲಿ ಒಳಗಿನ ಚಿತ್ರ, ದೊಡ್ಡಪ್ಪ. ನೋಡ್ರಿ, ಕೆಂಪಗ ಐತಿ."

"ನನಗೀಗ ಕೆಂಪು ಕರಿ ಯಾವುದೂ ಕಾಣಂಗಿಲ್ಲ. ಕಣ್ಣು ಹೋಗಿ ಎಲ್ಡು ತಿಂಗಳಾತು." ಅವರ ಕೈ ಪಕ್ಕದ ಪ್ರಬಂಧಕ್ಕೆ ತಾಗಿತು. "ಇದು ಪುಸ್ತಕ ಐತಲ್ಲ. ಏನು ಬರದಾರ? ಓದು."

ಓದುವ ಹಾಗಿರಲಿಲ್ಲ. ಓದದಿರುವ ಹಾಗೂ ಇರಲಿಲ್ಲ. ನಾನೇ ಬರೆದ ಸಾರಾಂಶದ ಪುಟ ತೆಗೆದು ಓದಿದೆ, ಎಂದಿನ ಹಾಗೆ ಗಟ್ಟಿಯಾಗಿ ಅಲ್ಲ. "'ಕದರಮ್ಮ ಮುಂತಾದ ಹನ್ನೆರಡು ಮಂದಿಗೆ ಅಕ್ಷರವನ್ನು ಗುರುತಿಸುವ ಶಕ್ತಿ ಇಲ್ಲವೆಂದು ದೃಢಪಟ್ಟಿದೆ.'"

ದೊಡ್ಡಪ್ಪ ಬೆನ್ನು ನೆಟ್ಟಗೆ ಮಾಡಿ ಕೂತರು. ಮುಖದ ಮೇಲೆ, ಕೊನೆಯ ಸ್ಟಾಪಿಗೆ ಸರಿಯಾದ ವೇಳೆಗೆ ಬಸ್ಸು ತಂದ ಕಂಡಕ್ಟರನ ತೃಪ್ತಿ. "ನಾ ಅಂದಿರಲಿಲ್ಲೇನು? ಆಗೇ ಅಂದಿದ್ದೆ. ದೊಡ್ಡ ದೊಡ್ಡ ಡಾಕ್ಟರು ಈಗ ಅಂತಾರ." ಆಮೇಲೆ ನನ್ನ ಕಡೆಗೆ ಕಿವಿ ತಿರುಗಿಸಿ, "ಮುಂದ ಏನೈತಿ? ಓದವ್ವ," ಅಂದರು. "ಚೆಂದ ಓದ್ತಿ."

ಪ್ರಬಂಧದ ಕನ್ನಡದ ಭಾಗವನ್ನು ಪೂರ್ತಿ ಓದಿದೆ. ಅವರು ನಡುವೆ ಒಮ್ಮೆಯೂ ಬಾಯಿಪಾಠ ಅನ್ನಲಿಲ್ಲ. ಈಗ ದಿನವೂ ಸಂಜೆ ಹೋಗಿ ಪೇಪರು ಓದುತ್ತೇನೆ. ಓದುವುದು ನಾನು ಎಂದು ಅವರಿಗೆ ಗೊತ್ತು. ನನಗೆ ಓದು ಬರುವುದಿಲ್ಲ ಎಂಬುದೂ ಗೊತ್ತು. ಎರಡಕ್ಕೂ ಅವರ ತಲೆಯಲ್ಲಿ ಜಾಗವಿದೆ. ಬಸ್ಸಿನಲ್ಲಿ ನಿಂತವರಿಗೆಲ್ಲ ಜಾಗ ಮಾಡಿಕೊಟ್ಟ ತಲೆ ಅದು.

ಈಗ ನನಗೆ ಸ್ವಂತವಾಗಿರುವುದು ಇವು: ಒಂದು ಯೂನಿಟ್ಟು, ಅದರ ಮಿಷಿನ್ನುಗಳು, ಮುಸುಕು ಹಾಕಿದ ಒಂದು ದೊಡ್ಡ ಬೋರ್ಡು, ತೂಕಕ್ಕೆ ತಂದ ಪುಸ್ತಕ ತುಂಬಿದ ಒಂದು ಬೀರು, ಗೋಡೆಯ ಮೇಲೆ ಕೆಂಪಗೆ ಉರಿಯುವ ನನ್ನ ತಲೆಯ ಚಿತ್ರ, ಮತ್ತು ನೆಟ್ಟನೆಯ ಸೀಲು ಬಿದ್ದ ನನ್ನ ನಿರಕ್ಷರತೆಯ ಪ್ರಮಾಣಪತ್ರ. ಇದಕ್ಕೆಲ್ಲ ತಗುಲಿದ ಬೆಲೆ ಹೆಚ್ಚೇನಿಲ್ಲ. ಎಡಗೈ ಹೆಬ್ಬೆಟ್ಟಿನ ಮಸಿ ಇನ್ನೂ ಹೋಗಿಲ್ಲ. ಆಟೋದಲ್ಲಿ ಈಗ ಜನ ನನ್ನ ಪಕ್ಕದಲ್ಲೇ ಕೂರುತ್ತಾರೆ, ಏಕೆಂದರೆ ನಾನು ಬೋರ್ಡುಗಳನ್ನು ಗಟ್ಟಿಯಾಗಿ ಓದುವುದಿಲ್ಲ. ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆ, ರಾಯದುರ್ಗ ಮುಟ್ಟುವವರೆಗೆ ಒಂದನ್ನೂ ಬಿಡದೆ. ಎಲ್ಲದರ ಮೇಲೂ ಮುಸುಕಿರುವುದರಿಂದ, ಅದು ಬಾಯಿಪಾಠ.